ಹಳೇ ಪೇಂಟ್ ಕೆರೆದು ಸುಣ್ಣ, ಸಗಣಿ ಬಳಿಯುವ ಮುನ್ನ ಇದನ್ನೊಮ್ಮೆ ಓದಿ

"ನಿಮ್ಮ ಮನೆಯ ಗೋಡೆಯಲ್ಲಿ ವಿಷವಿದೆ! ಕೆಮಿಕಲ್ ಪೇಂಟ್ ಇಂದೇ ಕೆರೆದು ತೆಗೆಯಿರಿ. ಸುಣ್ಣ, ಕೆಮ್ಮಣ್ಣು, ಸಗಣಿ ಬಳಿಯಿರಿ. ರೋಗಾಣುಗಳು ಸಾಯುತ್ತವೆ, ಮೊಬೈಲ್ ವಿಕಿರಣ ಒಳಗೆ ಬರುವುದಿಲ್ಲ, ಎಸಿ ಇಲ್ಲದೆ ಮನೆ ತಂಪಾಗುತ್ತದೆ. ಎಲ್ಲರಿಗೂ ಕಳಿಸಿ."

ಹೆಚ್ಚುಕಡಿಮೆ ಹೀಗಿದ್ದ ಸಂದೇಶವೊಂದು ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಬಂತು. ಜಯನಗರದಲ್ಲಿರುವ ದೊಡ್ಡಮ್ಮ ಮರುದಿನವೇ ಫೋನ್ ಮಾಡಿದರು. "ನೋಡೇ, ಮುಂದಿನ ವಾರ ಪೇಂಟರ್ ಬರ್ತಾನೆ. ಕಿಟಕಿ, ಬಾಗಿಲು, ಅಡುಗೆಮನೆ ಗೋಡೆ ಎಲ್ಲಾ ಕೆರೆಸಿಬಿಡ್ತೀನಿ. ಆಮೇಲೆ ಸುಣ್ಣ ಬಳಿಸಿ, ಹಾಲ್‌ನಲ್ಲಿ ಚಿತ್ತಾರ ಬರೆಸ್ತೀನಿ." ಅವರದು ನಲವತ್ತು ವರ್ಷ ದಾಟಿದ ಮನೆ. ಅದೇ ಮನೆಯಲ್ಲಿ ಅವರ ಒಂದೂವರೆ ವರ್ಷದ ಮೊಮ್ಮಗು ನೆಲದ ಮೇಲೆ ಓಡಾಡಿಕೊಂಡು, ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತಾ ಇರುತ್ತದೆ.

ಸುಣ್ಣ, ಚಿತ್ತಾರ ಎರಡೂ ಒಳ್ಳೆಯ ಆಸೆಗಳೇ. ನನಗೆ ಭಯವಾಗಿದ್ದು "ಕೆರೆಸಿಬಿಡ್ತೀನಿ" ಅನ್ನುವ ಮಾತಿಗೆ. ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ. ಮೊದಲು ಫಾರ್ವರ್ಡ್‌ನ ಮಾತುಗಳನ್ನು ಒಂದೊಂದಾಗಿ ನೋಡೋಣ.

ಸುಣ್ಣ ರೋಗಾಣುಗಳನ್ನು ಕೊಲ್ಲುತ್ತದೆಯೇ?

ಹೌದು, ಆದರೆ ಕೆಲವು ಕಾಲ ಮಾತ್ರ. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟು, ನೀರು ಹಾಕಿ ಅರಳಿಸಿದಾಗ ಸಿಗುವ ಸುಣ್ಣ ತೀವ್ರವಾದ ಕ್ಷಾರ. ಅದರ ಪಿಎಚ್ ಮಟ್ಟ 12 ದಾಟುತ್ತದೆ. ಅಂಥ ಮೇಲ್ಮೈಯಲ್ಲಿ ಬೂಷ್ಟು, ಬ್ಯಾಕ್ಟೀರಿಯಾ ಬದುಕುವುದು ಕಷ್ಟ. ಗೋಡೆಗೆ ಬಳಿದ ಮೇಲೆ ಸುಣ್ಣವು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಗೋಡೆ ಗಟ್ಟಿಯಾಗುತ್ತದೆ, ಕ್ಷಾರ ಕಡಿಮೆಯಾಗುತ್ತದೆ. ಹಬ್ಬಕ್ಕೆ ಮುಂಚೆ ಪ್ರತಿ ವರ್ಷ ಸುಣ್ಣ ಬಳಿಯುತ್ತಿದ್ದ ನಮ್ಮ ಹಿರಿಯರ ಪದ್ಧತಿಯಲ್ಲಿ ಅರ್ಥವಿತ್ತು. ಒಮ್ಮೆ ಬಳಿದು ಹತ್ತು ವರ್ಷ ಮರೆತುಬಿಟ್ಟರೆ ಆ ಗುಣ ಉಳಿಯುವುದಿಲ್ಲ.

ಇನ್ನೊಂದು ಮಾತು. ಸುಣ್ಣ ನೈಸರ್ಗಿಕವಾದರೂ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಬಳಿಯುವವರಿಗೆ ಕನ್ನಡಕ, ಗ್ಲೌಸ್ ಬೇಕೇ ಬೇಕು. ಕಣ್ಣಿಗೆ ಬಿದ್ದರೆ ಉಜ್ಜಬೇಡಿ. ತಕ್ಷಣ ಶುದ್ಧ ನೀರಿನಲ್ಲಿ ಕನಿಷ್ಠ 15–20 ನಿಮಿಷ ತೊಳೆದು, ನೇರವಾಗಿ ಕಣ್ಣಿನ ಆಸ್ಪತ್ರೆಗೆ ಹೋಗಿ.

ಸಗಣಿ ವಿಕಿರಣವನ್ನು ತಡೆಯುತ್ತದೆಯೇ?

ಇದಕ್ಕೆ ಆಧಾರವಿಲ್ಲ. 2020ರಲ್ಲಿ ರಾಷ್ಟ್ರೀಯ ಕಾಮಧೇನು ಆಯೋಗದ ಅಧ್ಯಕ್ಷರು ಮೊಬೈಲ್ ವಿಕಿರಣ ತಗ್ಗಿಸುವ ಸಗಣಿ ಚಿಪ್ ಎಂದು ಒಂದನ್ನು ತೋರಿಸಿದಾಗ, ದೇಶದ ನೂರಾರು ವಿಜ್ಞಾನಿಗಳು ಪುರಾವೆ ಕೊಡಿ ಎಂದು ಪತ್ರ ಬರೆದಿದ್ದರು. ನೀವೇ ಯೋಚಿಸಿ: ಸಗಣಿ ಸಾರಿಸಿದ ಮನೆಯೊಳಗೂ ಮೊಬೈಲ್ ರಿಂಗ್ ಆಗುತ್ತದೆ ಅಂದರೆ ತರಂಗಗಳು ಒಳಗೆ ಬರುತ್ತಿವೆ ಎಂದೇ ಅರ್ಥ.

ಹಸಿ ಸಗಣಿಯಲ್ಲಿ ಧನುರ್ವಾಯು ಸೇರಿದಂತೆ ಹಲವು ಕಾಯಿಲೆಗಳ ರೋಗಾಣುಗಳು ಇರಬಹುದು. ಹಾಗಾಗಿ ಮಗು ಮುಟ್ಟುವ ಗೋಡೆಗೆ ಅದು ಸರಿಯಾದ ಆಯ್ಕೆಯಲ್ಲ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ತಂದ, 2021ರ ಜನವರಿಯಲ್ಲಿ ಕೇಂದ್ರ ಸಚಿವ ನಿತಿನ್ ಗಡ್ಕರಿ ಬಿಡುಗಡೆ ಮಾಡಿದ 'ಪ್ರಾಕೃತಿಕ್ ಪೇಂಟ್' ಬೇರೆ ವಿಷಯ. ಅದು ಸಂಸ್ಕರಿಸಿದ ಸಗಣಿಗೆ ಬೇರೆ ಪದಾರ್ಥಗಳನ್ನು ಸೇರಿಸಿ ತಯಾರಿಸುವ ಬಣ್ಣ. ಅದನ್ನೂ ಕೊಟ್ಟಿಗೆಯ ಸಗಣಿಯನ್ನೂ ಒಂದೇ ಎಂದು ತಿಳಿಯಬೇಡಿ.

ಮನೆ ತಂಪಾಗುತ್ತದೆಯೇ?

ತಾರಸಿಯ ಮೇಲೆ ಬಿಳಿ ಸುಣ್ಣ ಬಳಿದರೆ ಬಿಸಿಲನ್ನು ಹಿಂದಕ್ಕೆ ಪ್ರತಿಫಲಿಸುತ್ತದೆ. ಮೇಲಿನ ಮಹಡಿಯಲ್ಲಿರುವವರಿಗೆ ಮಾರ್ಚ್, ಏಪ್ರಿಲ್‌ನಲ್ಲಿ ಅದು ಗೊತ್ತಾಗುತ್ತದೆ. ಆದರೆ ಒಳಗಿನ ಗೋಡೆಗೆ ಏನು ಬಳಿದರೂ, ಕಾಗದದಷ್ಟು ತೆಳುವಾದ ಪದರ ಬಿಸಿಲನ್ನು ತಡೆಯಲಾರದು. ಹಳೇ ಮಣ್ಣಿನ ಮನೆಗಳು ತಂಪಾಗಿದ್ದುದು ದಪ್ಪ ಗೋಡೆ, ಎತ್ತರದ ಸೂರು, ಗಾಳಿಯಾಡುವ ಹಜಾರಗಳಿಂದ.

ಸುಣ್ಣ ಮತ್ತು ಮಣ್ಣಿನ ಗಾರೆ 'ಉಸಿರಾಡುತ್ತದೆ' ಅನ್ನುವ ಮಾತಿನಲ್ಲಿ ಮಾತ್ರ ಹುರುಳಿದೆ. ಹಾಗೆಂದರೆ ಗೋಡೆ ಆಮ್ಲಜನಕ ಕೊಡುತ್ತದೆ ಎಂದಲ್ಲ, ಒಳಗಿನ ತೇವವನ್ನು ಆವಿಯಾಗಿ ಹೊರಗೆ ಬಿಡುತ್ತದೆ ಎಂದು. ಬಸವನಗುಡಿಯ ಸುತ್ತಮುತ್ತ ಉಳಿದಿರುವ ಹಳೇ ಸುಣ್ಣದ ಗಾರೆಯ ಗೋಡೆಗಳಿಗೆ ಪ್ಲಾಸ್ಟಿಕ್‌ನಂಥ ಪೇಂಟ್ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು, ಮಳೆಗಾಲದಲ್ಲಿ ಬಣ್ಣ ಗುಳ್ಳೆಯೆದ್ದು ಉದುರುವುದು ಇದೇ ಕಾರಣಕ್ಕೆ. ಅಂಥ ಮನೆಗಳಿಗೆ ಸುಣ್ಣವೇ ಸೂಕ್ತ.

ಹಾಗಾದರೆ ಪೇಂಟ್ ವಿಷವೇ?

ಹೊಸ ಪೇಂಟ್‌ನಿಂದ ಆವಿಯಾಗುವ ರಾಸಾಯನಿಕಗಳು ತಲೆನೋವು, ಕಣ್ಣುರಿ ತರಬಹುದು. ಕಿಟಕಿ ತೆರೆದಿಟ್ಟರೆ ಕೆಲವು ದಿನ, ವಾರಗಳಲ್ಲಿ ಅವು ಬಹುಪಾಲು ಇಳಿಯುತ್ತವೆ. ಕ್ಯಾನ್ಸರ್ ಕುರಿತ ಅಂತಾರಾಷ್ಟ್ರೀಯ ಸಂಶೋಧನಾ ಸಂಸ್ಥೆ ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಿರುವುದು ಪೇಂಟರ್ ಕೆಲಸವನ್ನು, ಪೇಂಟ್ ಬಳಿದ ಮನೆಯಲ್ಲಿ ವಾಸಿಸುವುದನ್ನಲ್ಲ. ಅಂದರೆ ನಾವು ಮೊದಲು ಚಿಂತಿಸಬೇಕಾದ್ದು ವರ್ಷಗಟ್ಟಲೆ ಮಾಸ್ಕ್ ಇಲ್ಲದೆ ಕೆಲಸ ಮಾಡುವ ಪೇಂಟರ್ ಬಗ್ಗೆ.

ನಿಜವಾದ ವಿಷ ಇರಬಹುದಾದ್ದು ಹಳೇ ಪೇಂಟ್‌ನಲ್ಲಿ. ಅದರ ಹೆಸರು ಸೀಸ. ಬಣ್ಣ ಗಾಢವಾಗಲಿ, ಬೇಗ ಒಣಗಲಿ ಎಂದು ಆಯಿಲ್ ಪೇಂಟ್‌ಗಳಿಗೆ, ಇನಾಮೆಲ್‌ಗಳಿಗೆ ಸೀಸದ ಸಂಯುಕ್ತಗಳನ್ನು ಸೇರಿಸಲಾಗುತ್ತಿತ್ತು. ಮನೆಬಳಕೆಯ ಪೇಂಟ್‌ನಲ್ಲಿ ಸೀಸ 10 ಲಕ್ಷದಲ್ಲಿ 90 ಭಾಗ ಮೀರಬಾರದು ಎಂಬ ನಿಯಮವನ್ನು ಕೇಂದ್ರ ಸರ್ಕಾರ ಹೊರಡಿಸಿದ್ದು 2016ರಲ್ಲಿ, ಅದು ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಕಿಟಕಿ, ಬಾಗಿಲು, ಗ್ರಿಲ್, ಅಡುಗೆಮನೆಯ ಆಯಿಲ್ ಪೇಂಟ್ ಗೋಡೆ ಇವುಗಳಲ್ಲಿ ಸೀಸ ಇರಬಹುದು ಎಂದುಕೊಂಡೇ ನಡೆಯುವುದು ಜಾಣತನ.

ಗಟ್ಟಿಯಾಗಿ ಅಂಟಿಕೊಂಡಿರುವ ಪೇಂಟ್‌ನಿಂದ ಅಪಾಯ ಕಡಿಮೆ. ಅದನ್ನು ಒಣಗಿದಂತೆಯೇ ಕೆರೆದಾಗ, ಸ್ಯಾಂಡ್ ಪೇಪರ್‌ನಿಂದ ಉಜ್ಜಿದಾಗ ಸೀಸ ನುಣ್ಣನೆಯ ಧೂಳಾಗಿ ಮನೆ ತುಂಬುತ್ತದೆ. ಅದು ನೆಲ, ಆಟಿಕೆ, ಮಗುವಿನ ಬೆರಳು, ಕೊನೆಗೆ ಬಾಯಿ ಸೇರುತ್ತದೆ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಎನ್ನುವ ಸುರಕ್ಷಿತ ಮಟ್ಟವೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದು ಬೆಳೆಯುವ ಮಿದುಳಿಗೆ ಹಾನಿ ಮಾಡುತ್ತದೆ. ಕಲಿಕೆ ಮತ್ತು ಗಮನಶಕ್ತಿ ಕುಂದುತ್ತವೆ, ಹೊರಗೆ ಯಾವ ಲಕ್ಷಣವೂ ಕಾಣದಿರಬಹುದು. ಈ ಬಗ್ಗೆ ದೇಶವನ್ನು ಎಚ್ಚರಿಸಿದವರಲ್ಲಿ ಪ್ರಮುಖರು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾ. ತುಪ್ಪಿಲ್ ವೆಂಕಟೇಶ್.

ಅಂದರೆ ಗೋಡೆಗೆ ಏನು ಬಳಿಯಬೇಕು ಎನ್ನುವುದಕ್ಕಿಂತ ಮೊದಲು, ಈಗ ಅದರ ಮೇಲೆ ಏನಿದೆ ಎಂದು ಕೇಳಿಕೊಳ್ಳಬೇಕು. ವಿಷ ತೆಗೆಯಿರಿ ಎನ್ನುವ ಆ ಫಾರ್ವರ್ಡನ್ನು ಹಾಗೆಯೇ ಪಾಲಿಸಿದರೆ, ಗೋಡೆಯಲ್ಲಿ ಸುಮ್ಮನಿದ್ದ ವಿಷ ಮನೆಯ ಗಾಳಿಗೆ ಬರುತ್ತದೆ.

ಏನು ಮಾಡಬಹುದು?

• ಪೇಂಟ್ ಚೆನ್ನಾಗಿದ್ದರೆ ಕೆರೆಯಬೇಡಿ. ಅದರ ಮೇಲೆಯೇ ಸೀಸವಿಲ್ಲದ ಹೊಸ ಪೇಂಟ್ ಹಚ್ಚಿಸಿ.
• ಕೆರೆಯಲೇಬೇಕಾದರೆ ನೀರು ಸಿಂಪಡಿಸಿ, ಒದ್ದೆ ಮಾಡಿಕೊಂಡೇ ಕೆರೆಸಿ. ಬೆಂಕಿಯಿಂದ ಸುಟ್ಟು ತೆಗೆಸಬೇಡಿ.
• ಕೆಲಸ ಮುಗಿದು ಮನೆ ಶುಚಿಯಾಗುವವರೆಗೆ ಮಕ್ಕಳು, ಗರ್ಭಿಣಿಯರು ಬೇರೆ ಮನೆಯಲ್ಲಿರಲಿ.
• ಪೇಂಟರ್‌ಗೆ ಎನ್95 ಮಾಸ್ಕ್ ಕೊಡಿ. ನೆಲಕ್ಕೆ ಪ್ಲಾಸ್ಟಿಕ್ ಹಾಸಿ. ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ.
• ಈಗಾಗಲೇ ಕೆರೆಸಿದ್ದು, ಮನೆಯಲ್ಲಿ ಚಿಕ್ಕ ಮಗು ಇದ್ದರೆ ಮಕ್ಕಳ ವೈದ್ಯರಿಗೆ ಹೇಳಿ. ರಕ್ತದಲ್ಲಿನ ಸೀಸದ ಪರೀಕ್ಷೆ ಇದೆ.

ಜೆ.ಪಿ. ನಗರ, ಬಿಟಿಎಂ ಕಡೆಯ ಅಪಾರ್ಟ್‌ಮೆಂಟ್‌ಗಳ ಪುಟ್ಟಿ, ಎಮಲ್ಷನ್ ಗೋಡೆಗೆ ಸುಣ್ಣ ಸರಿಯಾಗಿ ಹಿಡಿಯುವುದೂ ಇಲ್ಲ. ಹಾಗೆಂದು ಆಸೆ ಬಿಡಬೇಕಿಲ್ಲ. ಸಾಗರದ ಕಡೆ ದೀವರ ಸಮುದಾಯದ ಹೆಣ್ಣುಮಕ್ಕಳು ಮದುವೆಗೆ ಬರೆಯುವ ಹಸೆ ಚಿತ್ತಾರ ನೋಡಿ. ಕೆಮ್ಮಣ್ಣಿನ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಹುರಿದು ಕರಿ ಮಾಡಿದ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ. ಈಗ ಅದನ್ನು ಹಲಗೆಯ ಮೇಲೂ ಬಟ್ಟೆಯ ಮೇಲೂ ಬರೆಯುತ್ತಾರೆ. ಒಂದು ಫಲಕ ತೂಗುಹಾಕಿದರೆ ಗೋಡೆಯನ್ನು ಮುಟ್ಟಬೇಕಾಗಿಯೇ ಇಲ್ಲ. ಅಕ್ಕಿಯ ಅಂಟಿಗೆ ಇರುವೆ, ಬೂಷ್ಟು ಬರಬಹುದು, ತೇವದ ಗೋಡೆಗೆ ಮಾತ್ರ ಬೇಡ.

ಬಣ್ಣದ ಪುಡಿಗಳ ಬಗ್ಗೆ ಒಂದು ಎಚ್ಚರಿಕೆ. ಕೆಮ್ಮಣ್ಣಿನ ಕೆಂಪು ಕಬ್ಬಿಣದ ಆಕ್ಸೈಡ್, ಅದರಿಂದ ತೊಂದರೆ ಕಡಿಮೆ. ಆದರೆ ಹಳದಿಯ ಹರಿತಾಳದಲ್ಲಿ ಆರ್ಸೆನಿಕ್, ಕೆಂಪು ಇಂಗಲೀಕದಲ್ಲಿ ಪಾದರಸ ಇರುತ್ತವೆ. ಅವೂ ಭೂಮಿಯಿಂದ ಬಂದ ನೈಸರ್ಗಿಕ ಬಣ್ಣಗಳೇ!

ದೊಡ್ಡಮ್ಮ ಕೊನೆಗೆ ಕಿಟಕಿ, ಬಾಗಿಲಿಗೆ ಕೈಹಾಕಲಿಲ್ಲ. ಅಡುಗೆಮನೆಯಲ್ಲಿ ಪೇಂಟ್ ಏಳುತ್ತಿದ್ದ ಒಂದು ಮೂಲೆಯನ್ನು ಮಾತ್ರ, ಮೊಮ್ಮಗುವನ್ನು ನಮ್ಮ ಮನೆಗೆ ಕಳಿಸಿ, ಒದ್ದೆ ಮಾಡಿ ಕೆರೆಸಿದರು. ತಾರಸಿಗೆ ಸುಣ್ಣ ಬಳಿಸಿದರು. ಹಾಲ್‌ಗೆ ಚಿತ್ತಾರದ ಫಲಕ ಬಂತು. ಆ ಫಾರ್ವರ್ಡ್ ಬಂದಿದ್ದ ಗುಂಪಿಗೇ ಅವರು ತಮ್ಮ ಕೈಯಾರೆ ಒಂದು ಸಾಲು ಟೈಪ್ ಮಾಡಿ ಹಾಕಿದರು: "ಮನೇಲಿ ಮಗು ಇದ್ರೆ ಹಳೇ ಪೇಂಟ್ ಒಣಗಿದ ಹಾಗೇ ಕೆರೀಬೇಡಿ." ನೀವು ಫಾರ್ವರ್ಡ್ ಮಾಡುವುದಿದ್ದರೆ ಆ ಒಂದು ಸಾಲನ್ನು ಮಾಡಿ.