ಸದ್ದಿಲ್ಲದೆ ನೀರು ತಿರುಗಿಸುವ ಪಂಪು

ನೀರಿನಿಂದ ತಣಿಯುವ ಕಂಪ್ಯೂಟರಿನಲ್ಲಿ ಪಂಪಿಗೆ ಇರುವುದು ಒಂದೇ ಕೆಲಸ: ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡಿನ ಮೇಲೆ ಕೂರಿಸಿದ ತಾಮ್ರದ ಬ್ಲಾಕಿನಿಂದ ಬಿಸಿ ನೀರನ್ನು ರೇಡಿಯೇಟರಿಗೆ ಒಯ್ದು, ಅಲ್ಲಿ ತಣಿದ ನೀರನ್ನು ಮತ್ತೆ ಬ್ಲಾಕಿಗೆ ತರುವುದು. ಈ ಏರ್ಪಾಟು ಈಗ ಬರಿಯ ಶೋಕಿಯಾಗಿ ಉಳಿದಿಲ್ಲ. ಇಂಟೆಲ್‌ನ ಕೋರ್ ಐ9-14900ಕೆ ಪ್ರೊಸೆಸರ್ ಪೂರ್ಣ ಓಟದಲ್ಲಿ 253 ವಾಟ್‌ವರೆಗೆ ಎಳೆಯುತ್ತದೆ; ಎನ್ವಿಡಿಯಾದ ಆರ್‌ಟಿಎಕ್ಸ್ 4090 ಕಾರ್ಡಿನದು 450 ವಾಟ್. ಬೆಂಗಳೂರಿನ ಯಶವಂತಪುರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಚಾಲೂ ಆದ 3.3 ಪೆಟಾಫ್ಲಾಪ್ ಸಾಮರ್ಥ್ಯದ ಸೂಪರ್ ಕಂಪ್ಯೂಟರ್ ‘ಪರಮ್ ಪ್ರವೇಗ’ದ ಪ್ರೊಸೆಸರುಗಳನ್ನು ತಣಿಸುವುದೂ ನೀರೇ. ಅಲ್ಲಿ ಪಂಪು ಎಷ್ಟು ಸದ್ದು ಮಾಡಿದರೂ ಯಾರ ನಿದ್ದೆಯೂ ಕೆಡುವುದಿಲ್ಲ. ವೈಟ್‌ಫೀಲ್ಡಿನ ಅಥವಾ ಎಲೆಕ್ಟ್ರಾನಿಕ್ ಸಿಟಿಯ ಎರಡು ಕೋಣೆಯ ಫ್ಲ್ಯಾಟಿನಲ್ಲಿ, ಹಗಲು ಕಚೇರಿ ಕೆಲಸಕ್ಕೂ ರಾತ್ರಿ ಗೇಮಿಗೂ ಒಂದೇ ಯಂತ್ರ ಇರುವ ಕಡೆ, ಕೆಡುತ್ತದೆ. ಬೇಸಿಗೆಯಲ್ಲಿ ಸೀಲಿಂಗ್ ಫ್ಯಾನಿನ ಸದ್ದಿನಲ್ಲಿ ಅಡಗಿದ್ದ ಗುಂಯ್ಗುಡುವಿಕೆ ಡಿಸೆಂಬರಿನ ಚಳಿಯಲ್ಲಿ, ಫ್ಯಾನು ನಿಲ್ಲಿಸಿದ ಕೂಡಲೇ, ಕಿವಿಗೆ ಬೀಳುತ್ತದೆ.

ಪಂಪಿನ ಡಬ್ಬಿಯ ಮೇಲೆ ಎರಡು ಅಂಕಿಗಳು ಎದ್ದು ಕಾಣುತ್ತವೆ. ಒಂದು, ಗಂಟೆಗೆ ಎಷ್ಟು ಲೀಟರ್ ಎಂಬ ಹರಿವು. ಇನ್ನೊಂದು, ಎಷ್ಟು ಮೀಟರ್ ಎತ್ತರಕ್ಕೆ ನೀರು ತಳ್ಳಬಲ್ಲದು ಎಂಬ ಹೆಡ್. ಹರಿವಿನ ಅಂಕಿ ಪೈಪು, ಬ್ಲಾಕು ಯಾವುದೂ ಇಲ್ಲದೆ ಅಳೆದದ್ದು. ಹೆಡ್ ಅಂಕಿ ನೀರು ಹರಿಯದೆ ನಿಂತಾಗ ಅಳೆದದ್ದು. ಎರಡೂ ಒಟ್ಟಿಗೆ ಎಂದೂ ಸಿಗುವುದಿಲ್ಲ. ಹೆಡ್ ಎಂದರೆ ಸಂಪಿನಿಂದ ಓವರ್‌ಹೆಡ್ ಟ್ಯಾಂಕಿಗೆ ನೀರೇರಿಸುವ ಮನೆಯ ಮೋಟಾರು ನೆನಪಾಗುವುದು ಸಹಜ. ಕಂಪ್ಯೂಟರಿನ ಕತೆ ಬೇರೆ. ಇಲ್ಲಿ ನೀರು ಮುಚ್ಚಿದ ಸುತ್ತಿನಲ್ಲಿ ತಿರುಗುತ್ತದೆ. ಮೇಲೇರುವ ನೀರಿನ ಭಾರವನ್ನು ಕೆಳಗಿಳಿಯುವ ನೀರು ಸರಿದೂಗಿಸುತ್ತದೆ. ಒಮ್ಮೆ ತುಂಬಿ ಗಾಳಿ ಹೊರಹೋದ ಮೇಲೆ ಕ್ಯಾಬಿನೆಟ್ಟಿನ ಎತ್ತರ ಲೆಕ್ಕಕ್ಕಿಲ್ಲ. ಹೆಡ್ ಬೇಕಾಗುವುದು ಘರ್ಷಣೆಯನ್ನು ಗೆಲ್ಲಲು. ಆ ಘರ್ಷಣೆಯ ದೊಡ್ಡ ಪಾಲು ಬ್ಲಾಕಿನೊಳಗಿನ ಕೂದಲೆಳೆಯಷ್ಟು ಸಣ್ಣ ಕಾಲುವೆಗಳಲ್ಲಿದೆ. ರೇಡಿಯೇಟರಿನ ತಡೆ ಸಾಮಾನ್ಯವಾಗಿ ಕಡಿಮೆ. ಕಡಿದಾದ ತಿರುವಿನ ಫಿಟಿಂಗುಗಳು ಒಂದೊಂದಾಗಿ ಅಲ್ಪವಾದರೂ ಹತ್ತು ಸೇರಿದರೆ ತೊಡಕೇ.

ಹಾಗಾದರೆ ಎಷ್ಟು ಹರಿವು ಸಾಕು? ಒಂದು ಕಿಲೋ ನೀರು ಒಂದು ಡಿಗ್ರಿ ಬಿಸಿಯಾಗಲು ಸುಮಾರು 4,186 ಜೂಲ್ ಶಕ್ತಿ ಬೇಕು. ಪ್ರೊಸೆಸರ್ ಮತ್ತು ಕಾರ್ಡ್ ಸೇರಿ 500 ವಾಟ್ ಶಾಖ ಸುರಿಯುತ್ತಿವೆ ಎಂದುಕೊಂಡರೆ, ಗಂಟೆಗೆ 60 ಲೀಟರ್ ಹರಿವಿನಲ್ಲಿ ನೀರು ಒಂದು ಸುತ್ತಿಗೆ 7.2 ಡಿಗ್ರಿ ಬಿಸಿಯಾಗುತ್ತದೆ. 120 ಲೀಟರಿಗೆ ಅದು 3.6 ಡಿಗ್ರಿಗೆ ಇಳಿಯುತ್ತದೆ, 240 ಲೀಟರಿಗೆ 1.8ಕ್ಕೆ. ಮೊದಲ ದುಪ್ಪಟ್ಟಿನಿಂದ ಮೂರೂವರೆ ಡಿಗ್ರಿ ಉಳಿಯಿತು. ಎರಡನೆಯದರಿಂದ ಎರಡು ಡಿಗ್ರಿಯೂ ಇಲ್ಲ. ಅದಕ್ಕಿಂತ ಮುಂದೆ ಹೋದವರಿಗೆ ಸಿಗುವುದು ಸದ್ದು ಮಾತ್ರ. ಹೀಗಿರುವಾಗ ಗಂಟೆಗೆ 1,500 ಲೀಟರ್ ಎಂಬ ಜಾಹೀರಾತಿಗೆ ಮರುಳಾಗುವುದು ವ್ಯರ್ಥ.

ಸದ್ದಿನ ಗುಟ್ಟು ವೇಗದಲ್ಲಿದೆ. ಇಂಥ ಪಂಪುಗಳಲ್ಲಿ ಹರಿವು ತಿರುಗುವ ವೇಗಕ್ಕೆ ಸರಿಸಮವಾಗಿ ಬದಲಾಗುತ್ತದೆ, ಹೆಡ್ ವೇಗದ ವರ್ಗಕ್ಕೆ, ವಿದ್ಯುತ್ತು ಘನಕ್ಕೆ. ವೇಗವನ್ನು ಅರ್ಧಕ್ಕಿಳಿಸಿದರೆ ಹರಿವು ಅರ್ಧವಾಗುತ್ತದೆ, ಆದರೆ ಪಂಪು ನೀರಿಗೆ ಕೊಡುವ ಶಕ್ತಿ ಎಂಟನೇ ಒಂದಕ್ಕೆ ಬೀಳುತ್ತದೆ. ಜೊತೆಗೆ ಸದ್ದೂ ಕಡಿದಾಗಿ ಇಳಿಯುತ್ತದೆ. ಆದ್ದರಿಂದ ಸಣ್ಣ ಪಂಪನ್ನು ಪೂರ್ತಿ ಓಡಿಸುವುದಕ್ಕಿಂತ, ಕಸುವುಳ್ಳ ಪಂಪು ಕೊಂಡು ನಿಧಾನವಾಗಿ ಓಡಿಸುವುದೇ ಜಾಣತನ. ವೇಗ ಬದಲಿಸಲು ಬಾರದ ಪಂಪು ಎಷ್ಟೇ ಅಗ್ಗವಾದರೂ ಈ ಕೆಲಸಕ್ಕೆ ಒಗ್ಗದು.

ಅಗ್ಗದ ದಾರಿ ಹುಡುಕುವವರ ಕಣ್ಣು ಅಕ್ವೇರಿಯಮ್ ಅಂಗಡಿಯ ಅಥವಾ ಏರ್ ಕೂಲರಿನ ಮುಳುಗುಪಂಪಿನ ಮೇಲೆ ಬೀಳುತ್ತದೆ. ಎರಡು ದಶಕದ ಹಿಂದೆ ವಿದೇಶಿ ಹವ್ಯಾಸಿಗಳೂ ಜರ್ಮನಿಯ ಏಹೈಮ್ ಕಂಪನಿಯ ಅಕ್ವೇರಿಯಮ್ ಪಂಪುಗಳನ್ನೇ ಬಳಸುತ್ತಿದ್ದರು. ಅವು ನಿಜಕ್ಕೂ ಮೆತ್ತಗೆ ಓಡುತ್ತಿದ್ದವು. ತೊಡಕು ಇರುವುದು ಮನೆಯ 230 ವೋಲ್ಟ್ ಕರೆಂಟಿನಲ್ಲಿ. ಅದರಿಂದ ಓಡುವ ಪಂಪಿನ ವೇಗ 50 ಹರ್ಟ್ಸ್‌ಗೆ ಕಟ್ಟುಬಿದ್ದಿರುತ್ತದೆ, ಗುಂಯ್ಗುಟ್ಟುವಿಕೆ 100 ಹರ್ಟ್ಸ್‌ನಲ್ಲಿ ಕೇಳುತ್ತದೆ. ಹೆಚ್ಚಿನ ಅಗ್ಗದ ಪಂಪುಗಳ ಹೆಡ್ ಎರಡು ಮೀಟರಿನ ಒಳಗೇ, ಈಗಿನ ಬ್ಲಾಕುಗಳಿಗೆ ಅದು ಸಾಲದು. ಬೆಂಗಳೂರಿನ ಹೊರವಲಯಕ್ಕೆ ಇನ್ನೂ ಒಂದು ಅಪಾಯ ಸೇರಿಕೊಳ್ಳುತ್ತದೆ: ಕರೆಂಟ್ ಹೋದರೆ ಯುಪಿಎಸ್ ಮೇಲೆ ಕಂಪ್ಯೂಟರ್ ಓಡುತ್ತಲೇ ಇರುತ್ತದೆ, ಗೋಡೆಯ ಪ್ಲಗ್ಗಿನ ಪಂಪು ಮಾತ್ರ ನಿಂತಿರುತ್ತದೆ. ಕಂಪ್ಯೂಟರಿನೊಳಗಿನ ವಿದ್ಯುತ್ ಪೂರೈಕೆಯ ಡಬ್ಬಿ ಎಸ್‌ಎಂಪಿಎಸ್‌ನ 12 ವೋಲ್ಟಿನಿಂದ ಓಡುವ ಪಂಪಿಗೆ ಈ ಭಯವಿಲ್ಲ. ಎರಡೂ ಒಟ್ಟಿಗೆ ಓಡುತ್ತವೆ, ಒಟ್ಟಿಗೆ ನಿಲ್ಲುತ್ತವೆ.

12 ವೋಲ್ಟಿನ ಪಂಪುಗಳಲ್ಲಿ ಡಿ5 ಮತ್ತು ಡಿಡಿಸಿ ಎಂಬ ಎರಡು ವಿನ್ಯಾಸಗಳು ವರ್ಷಗಳಿಂದ ಮುಂದಿವೆ. ಎರಡೂ ಲೈಂಗ್ ಕಂಪನಿಯ ಕೂಸುಗಳು. ಆ ವ್ಯವಹಾರ ಈಗ ಕ್ಸೈಲಮ್‌ ಕೈಯಲ್ಲಿದೆ. ಬೇರೆ ಬೇರೆ ಬ್ರ್ಯಾಂಡುಗಳು ತಮ್ಮ ಹೆಸರಿನ ಮುಚ್ಚಳ ಹಾಕಿ ಮಾರುತ್ತವೆ, ಒಳಗಿನ ಮೋಟಾರು ಹೆಚ್ಚಾಗಿ ಅದೇ. ಡಿ5 ದಪ್ಪನೆಯದು, ಹೆಡ್ ಸುಮಾರು ನಾಲ್ಕು ಮೀಟರ್, ಗರಿಷ್ಠ 23 ವಾಟ್. ತನ್ನ ಶಾಖವನ್ನು ನೀರಿಗೇ ಬಿಡುತ್ತದೆ, ಸ್ವರ ಕೆಳಸ್ಥಾಯಿಯದು. ವೇಗವನ್ನು ಸುಮಾರು 1,800ರಿಂದ 4,800 ಆರ್‌ಪಿಎಂ ನಡುವೆ ಬದಲಿಸಬಹುದು. ಡಿಡಿಸಿ ಪುಟ್ಟದು, ಒತ್ತಡ ಹೆಚ್ಚು. 18 ವಾಟಿನ ಮಾದರಿಯ ತಳಕ್ಕೆ ಗಾಳಿ ಅಥವಾ ಹೀಟ್‌ಸಿಂಕ್ ಬೇಕು, ಅದರ ಸ್ವರ ಕೀಚಲು. ಜಾಗದ ಅಭಾವ ಇಲ್ಲದಿದ್ದರೆ ಶಾಂತಿಗಾಗಿ ಡಿ5 ಆರಿಸುವುದು ಒಳ್ಳೆಯದು. ಸಿದ್ಧವಾಗಿ ಬರುವ ಎಐಒ ಕೂಲರಿನಲ್ಲಿ ಪಂಪು ಸಾಮಾನ್ಯವಾಗಿ ಬ್ಲಾಕಿನಲ್ಲೇ ಅಡಗಿರುವುದರಿಂದ ಆಯ್ಕೆಯ ಪ್ರಶ್ನೆ ಬಾರದು. ಅಲ್ಲಿ ನೋಡಬೇಕಾದ್ದು ಇಷ್ಟೇ: ರೇಡಿಯೇಟರಿನ ಮೇಲ್ತುದಿ ಪಂಪಿಗಿಂತ ಎತ್ತರದಲ್ಲಿರಬೇಕು. ಇಲ್ಲದಿದ್ದರೆ ಒಳಗಿನ ಗಾಳಿ ಪಂಪಿನಲ್ಲೇ ಸೇರಿ ಗೊರಗೊರ ಸದ್ದು ಶುರುವಾಗುತ್ತದೆ.

ಒಳ್ಳೆಯ ಪಂಪು ತಂದ ಮೇಲೂ ಸದ್ದು ಬಂದರೆ ತಪ್ಪು ಹೆಚ್ಚಾಗಿ ಜೋಡಣೆಯದು. ಪಂಪಿನ ನಡುಕ ನೇರ ತಗಡಿಗೆ ತಾಗಿದರೆ ಇಡೀ ಕ್ಯಾಬಿನೆಟ್ಟೇ ಸ್ಪೀಕರಾಗುತ್ತದೆ. ಸ್ಕ್ರೂವಿನಿಂದ ಬಿಗಿಯದೆ ಮೆತ್ತನೆಯ ಸ್ಪಂಜಿನ ಅಥವಾ ರಬ್ಬರ್ ಬುಷ್‌ಗಳ ಮೇಲೆ ಕೂರಿಸಿದರೆ ಅರ್ಧ ಸಮಸ್ಯೆ ಮುಗಿದಂತೆ. ಗಟ್ಟಿ ಅಕ್ರಿಲಿಕ್ ಪೈಪು ನೋಡಲು ಚಂದ, ಆದರೆ ನಡುಕವನ್ನು ರೇಡಿಯೇಟರಿನವರೆಗೆ ಸಾಗಿಸುತ್ತದೆ. ಪಂಪಿನ ಆಚೀಚೆಯಾದರೂ ಮೆತುಪೈಪು ಇರಲಿ. ಪೀಣ್ಯದ ಸಿಎನ್‌ಸಿ ಜಾಬ್‌ವರ್ಕ್ ಶೆಡ್ಡುಗಳಲ್ಲಿ ಪಂಪಿನ ಪಟ್ಟಿ, ಸ್ಟ್ಯಾಂಡು ಕತ್ತರಿಸಿಕೊಳ್ಳಲು ಸಾಧ್ಯವಿರುವವರು ಅಲ್ಯುಮಿನಿಯಂ ತಟ್ಟೆಯ ಕೆಳಗೆ ರಬ್ಬರಿಗೆ ಜಾಗ ಬಿಡಿಸಿಕೊಳ್ಳಬೇಕು. ಎರಡನೆಯ ಶತ್ರು ಗಾಳಿ. ನೀರಿನ ತೊಟ್ಟಿ ಪಂಪಿನ ಮೇಲ್ಗಡೆ ಇದ್ದು, ಪಂಪಿನ ಬಾಯಿಗೆ ನೀರು ತಾನಾಗಿ ಇಳಿಯುವಂತಿರಬೇಕು. ತುಂಬಿದ ಮೇಲೆ ಕ್ಯಾಬಿನೆಟ್ಟನ್ನು ಹಿಂದೆ ಮುಂದೆ ವಾಲಿಸಿ ಗುಳ್ಳೆಗಳನ್ನು ಹೊರಡಿಸಬೇಕು. ಪೂರ್ತಿ ಶಾಂತವಾಗಲು ಒಂದೆರಡು ದಿನ ಹಿಡಿಯಬಹುದು. ನೀರಿಲ್ಲದೆ ಒಂದು ನಿಮಿಷವೂ ಪಂಪು ಓಡಿಸಬಾರದು, ಬೇರಿಂಗಿಗೆ ನೀರೇ ಎಣ್ಣೆ.

ಯಾವ ನೀರು ಎಂಬ ಪ್ರಶ್ನೆ ಬೆಂಗಳೂರಿನಲ್ಲಿ ಚಿಕ್ಕದಲ್ಲ. 2024ರ ಅಕ್ಟೋಬರಿನಲ್ಲಿ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಚಾಲನೆಗೊಂಡ ಮೇಲೂ ವೈಟ್‌ಫೀಲ್ಡ್ ಸುತ್ತ ಅನೇಕರಿಗೆ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರೇ ಗತಿ. ಬಕೆಟ್ಟಿನಲ್ಲಿ ಬಿಳಿ ಪೊರೆ ಕಟ್ಟುವ ಆ ಗಡಸು ನೀರು ಬ್ಲಾಕಿನ ಕಾಲುವೆಗಳನ್ನೂ ಬೇರಿಂಗನ್ನೂ ಹಾಳು ಮಾಡುತ್ತದೆ. ಆರ್‌ಒ ನೀರಿನಲ್ಲೂ ಲವಣ ಸ್ವಲ್ಪ ಉಳಿದಿರುತ್ತದೆ. ಇದಕ್ಕೆಂದೇ ಸಿಗುವ ಕೂಲಂಟ್ ಅಥವಾ ಡಿಸ್ಟಿಲ್ಡ್ ನೀರಿನ ಜೊತೆ ತುಕ್ಕು-ಪಾಚಿ ತಡೆಯುವ ದ್ರಾವಣ ಬಳಸಬೇಕು. ತಾಮ್ರದ ಬ್ಲಾಕಿಗೆ ಅಲ್ಯುಮಿನಿಯಂ ರೇಡಿಯೇಟರ್ ಜೋಡಿಸಿದರೆ ಯಾವ ದ್ರಾವಣವೂ ಹೆಚ್ಚು ದಿನ ಕಾಯಲಾರದು.

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿ ಸುಮಾರು ಹತ್ತನೇ ಒಂದು ಪಾಲು ತೆಳುವು; ಅದೇ ವೇಗದ ರೇಡಿಯೇಟರ್ ಫ್ಯಾನು ಕರಾವಳಿಯಲ್ಲಿ ಹೊರುವಷ್ಟು ಶಾಖವನ್ನು ಇಲ್ಲಿ ಹೊರುವುದಿಲ್ಲ. ಆದ್ದರಿಂದ ಕೈಯಲ್ಲಿ ಉಳಿದ ದುಡ್ಡನ್ನು ಎರಡನೇ ಪಂಪಿಗೆ ಹಾಕುವ ಬದಲು ರೇಡಿಯೇಟರನ್ನು ಹಿರಿದಾಗಿಸಲು ಬಳಸಿದರೆ ಫ್ಯಾನುಗಳೂ ಮೆಲ್ಲಗೆ ತಿರುಗುತ್ತವೆ.

ವೈರಿಂಗಿನಲ್ಲಿ ಒಂದು ಎಚ್ಚರ. ಮದರ್‌ಬೋರ್ಡಿನ ಸಾಮಾನ್ಯ ಫ್ಯಾನ್ ಹೆಡರ್ ಕೊಡುವುದು ಒಂದು ಆಂಪಿಯರ್, ಅಂದರೆ 12 ವಾಟ್. ಆದ್ದರಿಂದ 23 ವಾಟ್‌ವರೆಗೆ ಎಳೆಯುವ ಡಿ5 ಪಂಪಿನ ವಿದ್ಯುತ್ತು ಎಸ್‌ಎಂಪಿಎಸ್‌ನಿಂದ ನೇರ ಬರಬೇಕು. ಹೆಡರಿಗೆ ಹೋಗುವುದು ವೇಗ ಹೇಳುವ ಮತ್ತು ವೇಗ ಆಳುವ ತಂತಿಗಳು ಮಾತ್ರ. ವೇಗ ಹೇಳುವ ತಂತಿಯನ್ನು ಸಿಪಿಯು ಫ್ಯಾನಿನ ಹೆಡರಿಗೆ ಸೇರಿಸಿದರೆ, ಪಂಪು ತಿರುಗದ ದಿನ ಕಂಪ್ಯೂಟರ್ ಸಾಮಾನ್ಯವಾಗಿ ಆರಂಭದಲ್ಲೇ ಎಚ್ಚರಿಕೆ ಕೊಟ್ಟು ನಿಲ್ಲುತ್ತದೆ.