ಚಿತ್ರದ ಮೂಲಪ್ರತಿ ಎಲ್ಲಿದೆ?

ಸರಕಾರಿ ಕಚೇರಿಯಲ್ಲಿ ಕಾರಕೂನನಾಗಿ ಕೆಲಸ ಮಾಡುವವನಿಗೆ ಎರಡು ಶಬ್ದಗಳ ಅಂತರ ಬೇರೆಯವರಿಗಿಂತ ಬೇಗ ತಿಳಿಯುವದು. ಒಂದು ಮೂಲಪ್ರತಿ, ಇನ್ನೊಂದು ನಕಲು. ನಕಲಿನ ಮೇಲೆ ಎಷ್ಟು ಮುದ್ರೆ ಹೊಡೆದರೂ ಅದು ಮೂಲವಾಗುವದಿಲ್ಲ. ನಾಲ್ಕು ಸಲ ಝೆರಾಕ್ಸ್ ಆದ ಜನ್ಮದಾಖಲೆಯಲ್ಲಿ ಹೆಸರನ್ನೇ ಓದಲು ಬಾರದಂತಾಗಿರುವದನ್ನು ನಾವು ದಿನವೂ ಕಾಣುತ್ತೇವೆ. ಕಂಪ್ಯೂಟರಿನಲ್ಲಿರುವ ಚಿತ್ರಗಳಿಗೂ ಇದೇ ನಿಯಮ ಅನ್ವಯಿಸುವದೆಂಬುದು ಮಾತ್ರ ಬಹಳ ಜನರಿಗೆ ತಿಳಿದಿಲ್ಲ. ಇದರಿಂದ ನಮ್ಮವರ ಹಣ, ವೇಳೆ ಎರಡೂ ವ್ಯರ್ಥವಾಗುತ್ತಿರುವದನ್ನು ಕಂಡು ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ಪುಣೆ–ನಾಶಿಕ ಹೆದ್ದಾರಿಯ ಮೇಲಿರುವ ನಮ್ಮ ಭೋಸರಿ ಸಣ್ಣ ಕಾರಖಾನೆಗಳ ಊರು. ಎಂ.ಐ.ಡಿ.ಸಿ.ಯ ಶೆಡ್ಡುಗಳಲ್ಲಿ ಲೇತು, ಮಿಲ್ಲಿಂಗು, ಪ್ರೆಸ್ಸುಗಳ ಸಪ್ಪಳ ಕೇಳುತ್ತಲೇ ಇರುವದು. ದೊಡ್ಡ ಮೋಟಾರು ಕಂಪನಿಗಳಿಗೆ ಬೇಕಾಗುವ ಬಿಡಿಭಾಗಗಳು ಇಲ್ಲಿ ತಯಾರಾಗುತ್ತವೆ. ಬೀದರ, ಕಲಬುರಗಿ, ವಿಜಯಪುರ, ಬೆಳಗಾವಿಗಳ ಕಡೆಯಿಂದ ಹೊಟ್ಟೆಪಾಡಿಗಾಗಿ ಬಂದ ನಮ್ಮವರಲ್ಲಿ ಕೆಲವರು ಇಂಥ ಶೆಡ್ಡಿನಲ್ಲಿ ಕೆಲಸ ಕಲಿತು, ಮುಂದೆ ತಾವೇ ಒಂದೆರಡು ಯಂತ್ರಗಳ ಮಾಲಕರಾಗಿದ್ದಾರೆ. ಮೊದಲು ಇವರಿಗೆ ಒಂದು ವಿಸಿಟಿಂಗ್ ಕಾರ್ಡು ಸಾಕಾಗುತ್ತಿತ್ತು. ಈಗ ಖರೀದಿ ಅಧಿಕಾರಿಯು ಮನುಷ್ಯನನ್ನು ಕಾಣುವ ಮೊದಲು ಅವನ ವೆಬ್‌ಸೈಟನ್ನು ನೋಡುತ್ತಾನೆ. ಹೀಗಾಗಿ ನಮ್ಮ ಮನೆಗಳ ಹುಡುಗ ಹುಡುಗಿಯರಿಗೆ ಮನೆಯಲ್ಲಿಯೇ ಕುಳಿತು ಮಾಡುವ ಒಂದು ಹೊಸ ಉದ್ಯೋಗ ದೊರೆತಿದೆ. ಪುಟಗಳಿಗೆ ಬೇಕಾದ ಬರವಣಿಗೆಯನ್ನು ತಿದ್ದಿಕೊಡುವ ನೆವದಿಂದ ನಾನೂ ಸಂಜೆಯ ಹೊತ್ತು ಇವರ ಜೊತೆ ಕೂಡುವದುಂಟು.

ಈ ಕೆಲಸದಲ್ಲಿ ಪುಟ ಕಟ್ಟುವದು ಅಷ್ಟು ಕಷ್ಟವಲ್ಲ. ಗಿರಾಕಿಯಿಂದ ಸರಿಯಾದ ಚಿತ್ರ ಪಡೆಯುವದೇ ಕಷ್ಟ. ನಮ್ಮ ಓಣಿಯ ಹುಡುಗಿಯೊಬ್ಬಳಿಗೂ ಅವಳ ಗಿರಾಕಿಗೂ ಫೋನಿನಲ್ಲಿ ನಡೆದ ಮಾತು ಹೀಗಿತ್ತು:

“ಏನವ್ವಾ, ಲೋಗೋ ಕಳಿಸೀನಲ್ಲ, ಇನ್ನೇನ ಬೇಕು?”

“ಬಂದೈತ್ರಿ ಕಾಕಾ. ಆದ್ರ ಭಾಳ ಸಣ್ಣದೈತಿ. ದೊಡ್ಡದು ಇದ್ರ ಕಳಿಸ್ರಿ.”

“ದೊಡ್ಡದಾ? ಹಂಗಾರ ತಡಿ.”

ಮರುದಿನ ಬಂದದ್ದು ಕಾರಖಾನೆಯ ಬಾಗಿಲ ಮೇಲಿನ ಫಲಕದ ಫೋಟೋ. ರಸ್ತೆಯ ಆಚೆ ನಿಂತು ತೆಗೆದದ್ದು. ಫಲಕದ ಮುಂದೆ ಒಂದು ವಿದ್ಯುತ್ ಕಂಬ, ಕಂಬಕ್ಕೆ ಆನಿಸಿದ ಒಂದು ಮೋಟರ್‌ಸೈಕಲ್ಲು! ಕಾಕಾ ಅವರ ತಪ್ಪೇನೂ ಇಲ್ಲ. ದೊಡ್ಡದು ಕೇಳಿದಳು, ಎಲ್ಲಕ್ಕೂ ದೊಡ್ಡದನ್ನು ಕಳಿಸಿದರು. ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟೂ ಅಳತೆ ತಪ್ಪದ ಕುಶಲಿಗ ಅವರು. ಚಿತ್ರಕ್ಕೂ ಅಂಥದೇ ಒಂದು ಅಳತೆಯುಂಟೆಂದು ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಗೆರೆಯ ಚಿತ್ರ, ಚುಕ್ಕೆಯ ಚಿತ್ರ

ಅಚ್ಚುಮೊಳೆಗಳ ಕಾಲದಲ್ಲಿ ಪತ್ರಿಕೆಗೆ ಚಿತ್ರ ಹಾಕಬೇಕಾದರೆ ಲೋಹದ ಬ್ಲಾಕು ಮಾಡಿಸಬೇಕಾಗುತ್ತಿತ್ತು. ಬರಿಯ ಕಪ್ಪು ಗೆರೆಗಳ ಚಿತ್ರಕ್ಕೆ ಲೈನ್ ಬ್ಲಾಕು. ಭಾವಚಿತ್ರಕ್ಕೆ ಹಾಫ್‌ಟೋನ್ ಬ್ಲಾಕು. ಹಾಫ್‌ಟೋನಿನಲ್ಲಿ ಮುಖವೆಲ್ಲ ಸಣ್ಣ ದೊಡ್ಡ ಚುಕ್ಕೆಗಳಾಗಿ ಒಡೆದು ನಿಲ್ಲುತ್ತಿತ್ತು. ಕಂಪ್ಯೂಟರಿನ ಚಿತ್ರಗಳಲ್ಲಿಯೂ ಇಂಥವೇ ಎರಡು ಜಾತಿಗಳಿವೆ.

ಚುಕ್ಕೆಯ ಚಿತ್ರದಲ್ಲಿ ಅಗಲಕ್ಕೆ ಇಷ್ಟು, ಎತ್ತರಕ್ಕೆ ಇಷ್ಟು ಎಂದು ಎಣಿಸಿಟ್ಟ ಬಣ್ಣದ ಚುಕ್ಕೆಗಳಿರುತ್ತವೆ. ಕ್ಯಾಮರಾದ ಫೋಟೋಗಳೆಲ್ಲ ಈ ಜಾತಿಯವು. ಹಿಗ್ಗಿಸಿದರೆ ಚುಕ್ಕೆಗಳು ದೊಡ್ಡವಾಗುತ್ತವೆಯೇ ಹೊರತು ಹೊಸ ವಿವರ ಹುಟ್ಟುವದಿಲ್ಲ. ಅಚ್ಚಿನ ಕೆಲಸಕ್ಕೆ ಇಂಚಿಗೆ 300 ಚುಕ್ಕೆ ಬೇಕೆಂಬುದು ರೂಢಿ. ಮೂರಿಂಚು ಅಗಲದ ಫೋಟೋಕ್ಕೆ 900 ಚುಕ್ಕೆಗಳಾದವು. ವೆಬ್‌ಪುಟದ ಮೂಲೆಯಲ್ಲಿ ಕೂಡುವ ಲೋಗೋಕ್ಕೆ 200 ಚುಕ್ಕೆ ಸಾಕಾದೀತು. ಅದನ್ನೇ ಹತ್ತು ಅಡಿ ಫಲಕಕ್ಕೆ ಹಿಗ್ಗಿಸಿದರೆ ಮೆಟ್ಟಿಲುಗಳಂತೆ ಕಾಣುವದು.

ಗೆರೆಯ ಚಿತ್ರದಲ್ಲಿ ಚುಕ್ಕೆಗಳಿಲ್ಲ, ಅಪ್ಪಣೆಗಳಿವೆ. ಇಲ್ಲಿಂದ ಅಲ್ಲಿಗೆ ಗೆರೆ, ಇಷ್ಟು ತ್ರಿಜ್ಯದ ವೃತ್ತ, ಒಳಗೆ ಇಂಥ ಬಣ್ಣ. ಕಾರಖಾನೆಯ ಡ್ರಾಯಿಂಗು ಇದ್ದಂತೆ ಎಂದರೆ ಭೋಸರಿಯವರಿಗೆ ಬೇರೆ ವಿವರಣೆ ಬೇಡ. ಇದನ್ನು ಅಂಚೆಚೀಟಿಯಷ್ಟು ಕಿರಿದು ಮಾಡಿದರೂ ಗೋಡೆಯಷ್ಟು ಹಿರಿದು ಮಾಡಿದರೂ ಅಂಚು ಹರಿತವಾಗಿಯೇ ಇರುವದು. ಲೋಗೋದ ಮೂಲಪ್ರತಿ ಯಾವಾಗಲೂ ಈ ಜಾತಿಯದಿರಬೇಕು. ಪರೀಕ್ಷೆ ಸುಲಭ: ಪರದೆಯ ಮೇಲೆ ಎಂಟು ಪಟ್ಟು ದೊಡ್ಡದು ಮಾಡಿ ನೋಡಿರಿ. ಅಂಚು ಮಸುಕಾದರೆ ಅದು ಚುಕ್ಕೆಯದು.

ನಕಲಿನ ನಕಲು

ಫೋಟೋಗಳಿಗೆ ಎಲ್ಲರೂ ಬಳಸುವ ಜೆಪೆಗ್ ಎಂಬ ರೂಪ 1992ರಲ್ಲಿ ಸಿದ್ಧವಾಯಿತು. ಅದು ಚಿತ್ರವನ್ನು ಎಂಟೆಂಟು ಚುಕ್ಕೆಗಳ ಚೌಕಗಳಾಗಿ ಕತ್ತರಿಸಿ, ಕಣ್ಣಿಗೆ ಅಷ್ಟಾಗಿ ಗೊತ್ತಾಗದ ವಿವರವನ್ನು ಬಿಟ್ಟುಕೊಡುವದು. ಅದರಿಂದಲೇ ಕಡತ ಚಿಕ್ಕದಾಗುವದು. ಮುಖ, ಗಿಡ, ಆಕಾಶಗಳಿಗೆ ಇದು ಒಳ್ಳೆಯದು. ಅಕ್ಷರ ಮತ್ತು ಲೋಗೋಗಳ ಅಂಚಿನಲ್ಲಿ ಮಾತ್ರ ಹೊಗೆ ಕವಿದಂತಾಗುವದು. ತಿದ್ದಿ ತಿದ್ದಿ ಉಳಿಸಿದಷ್ಟು ಸಲವೂ ಇನ್ನಷ್ಟು ವಿವರ ಹೋಗುವದು. ನಮ್ಮ ಝೆರಾಕ್ಸಿನ ಕಥೆಯೇ. ಅಕ್ಷರವಿರುವ ಚಿತ್ರಗಳಿಗೆ 1996ರಲ್ಲಿ ಬಂದ ಪಿ.ಎನ್.ಜಿ. ಮೇಲು. ಅದು ಏನನ್ನೂ ಬಿಟ್ಟುಕೊಡುವದಿಲ್ಲ. ಹಿನ್ನೆಲೆಯನ್ನು ಪಾರದರ್ಶಕವಾಗಿ ಇಡಲೂ ಬರುವದು.

ವಾಟ್ಸಪ್ಪಿನಲ್ಲಿ ಫೋಟೋ ಎಂದು ಕಳಿಸಿದರೆ ಚಿತ್ರವು ದಾರಿಯಲ್ಲಿ ಕುಗ್ಗಿಹೋಗುವದು. ಅದನ್ನೇ ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿದರೆ ಇದ್ದದ್ದು ಇದ್ದಂತೆ ಮುಟ್ಟುವದು. ಈ ಒಂದು ಮಾತನ್ನು ನೆನಪಿಟ್ಟರೂ ಅರ್ಧ ತೊಂದರೆ ತಪ್ಪೀತು. ಐಫೋನುಗಳು 2017ರಿಂದ ಹೈಕ್ ಎಂಬ ರೂಪದಲ್ಲಿ ಫೋಟೋ ಇಡುತ್ತವೆ. ಅದು ಎಲ್ಲ ಕಂಪ್ಯೂಟರುಗಳಲ್ಲಿ ತೆರೆಯುವದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಅದರೊಳಗೆ ಫಾರ್ಮ್ಯಾಟ್ಸ್ ಎಂಬಲ್ಲಿ ಮೋಸ್ಟ್ ಕಂಪ್ಯಾಟಿಬಲ್ ಎಂದು ಆರಿಸಿದರೆ ಮುಂದಿನವು ಜೆಪೆಗ್ ಆಗಿಯೇ ಬರುತ್ತವೆ.

ಇನ್ನು ಕೆಲವರು ಹತ್ತು ಫೋಟೋಗಳನ್ನು ವರ್ಡ್ ಕಡತದಲ್ಲಿ ಅಂಟಿಸಿ ಕೊಡುತ್ತಾರೆ. ಇದಕ್ಕೆ ಬೇಸರಪಡಬೇಕಾಗಿಲ್ಲ. ಡಾಕ್ಸ್ ಎಂದು ಮುಗಿಯುವ ವರ್ಡ್ ಕಡತವು ನಿಜವಾಗಿ ಒಂದು ಗಂಟು. ಅದರ ಒಂದು ಪ್ರತಿ ಮಾಡಿ, ಹೆಸರಿನ ಕೊನೆಗೆ ಜಿಪ್ ಎಂದು ಬದಲಿಸಿ ಬಿಚ್ಚಿದರೆ, ವರ್ಡ್ ಎಂಬ ಕೋಶದಲ್ಲಿರುವ ಮೀಡಿಯಾ ಎಂಬ ಕೋಶದಲ್ಲಿ ಎಲ್ಲ ಫೋಟೋಗಳೂ ಬಿಡಿಬಿಡಿಯಾಗಿ ಸಿಗುತ್ತವೆ.

ಆದರೆ ಹೆಸರು ಬದಲಿಸುವದರಿಂದ ಚಿತ್ರದ ಜಾತಿ ಬದಲಾಗುವದಿಲ್ಲ ಎಂಬುದನ್ನೂ ಹೇಳಬೇಕು. ಮಸುಕಾದ ಜೆಪೆಗ್ಗನ್ನು ಪಿ.ಡಿ.ಎಫ್.ನೊಳಗೆ ಕೂಡಿಸಿದರೆ ಅದು ಮಸುಕಾದ ಪಿ.ಡಿ.ಎಫ್. ಆಗುವದಷ್ಟೇ.

ಛಾಪಖಾನೆಯ ಕಡತ

ನಮ್ಮ ದೇಶದ ಸಣ್ಣ ಛಾಪಖಾನೆಗಳಲ್ಲಿ ಕೋರೆಲ್‌ಡ್ರಾ ಎಂಬ ತಂತ್ರಾಂಶ ಬಹಳ ಬಳಕೆಯಲ್ಲಿದೆ. ಕೆನಡಾದ ಕೋರೆಲ್ ಕಂಪನಿಯವರು 1989ರಲ್ಲಿ ಹೊರತಂದದ್ದು. ಅದರ ಸಿ.ಡಿ.ಆರ್. ಕಡತ ಗೆರೆಯ ಜಾತಿಯದು. ಆದ್ದರಿಂದ ಅದು ಕೈಗೆ ಬಂದರೆ ಸಂತೋಷಪಡಬೇಕು. ತೊಡಕೇನೆಂದರೆ, ಹೊಸ ಆವೃತ್ತಿಯಲ್ಲಿ ಮಾಡಿದ್ದನ್ನು ಹಳೆಯ ಆವೃತ್ತಿ ತೆರೆಯಲಾರದು. ತಂತ್ರಾಂಶವೇ ಇಲ್ಲದವರು ಇಂಕ್‌ಸ್ಕೇಪ್ ಅಥವಾ ಲಿಬ್ರೆ ಆಫೀಸ್ ಎಂಬ ಉಚಿತ ತಂತ್ರಾಂಶಗಳಲ್ಲಿ ಪ್ರಯತ್ನಿಸಬಹುದು. ಹಲವು ಸಲ ತೆರೆಯುತ್ತದೆ. ತೆರೆಯದಿದ್ದರೆ ಛಾಪಖಾನೆಯವರಿಗೆ ಎರಡು ಕೋರಿಕೆ ಮಾಡಬೇಕು: ಅಕ್ಷರಗಳನ್ನು ಕರ್ವ್ಸ್ ಮಾಡಿರಿ, ಪಿ.ಡಿ.ಎಫ್. ತೆಗೆದುಕೊಡಿರಿ. ಕರ್ವ್ಸ್ ಮಾಡಿದ ಮೇಲೆ ಅಕ್ಷರವು ಬರಿಯ ಗೆರೆಯಾಗುವದರಿಂದ ಆ ಫಾಂಟು ನಮ್ಮಲ್ಲಿ ಇಲ್ಲದಿದ್ದರೂ ನಡೆಯುವದು. ಇಂಥ ಪಿ.ಡಿ.ಎಫ್.ನಿಂದ ವೆಬ್‌ಪುಟಕ್ಕೆ ಒಪ್ಪುವ ಎಸ್.ವಿ.ಜಿ. ರೂಪವನ್ನು ತೆಗೆಯಬಹುದು.

ಭೋಸರಿಗೇ ವಿಶೇಷವಾದ ಇನ್ನೊಂದು ಬಗೆಯಿದೆ. ತಮ್ಮ ಉತ್ಪಾದನೆಯ ಚಿತ್ರ ಕೊಡಿರೆಂದರೆ ಮಾಲಕರು ಆಟೋಕ್ಯಾಡಿನ ಡಿ.ಡಬ್ಲ್ಯು.ಜಿ. ಕಡತವನ್ನೇ ಕಳಿಸುತ್ತಾರೆ. ಡಿ.ಎಕ್ಸ್.ಎಫ್. ಎಂಬ ರೂಪಕ್ಕೆ ಬದಲಿಸಿದರೆ ಇಂಕ್‌ಸ್ಕೇಪಿನಲ್ಲಿ ಬರುವದು; ಗೆರೆಗಳನ್ನು ದಪ್ಪ ಮಾಡಿಕೊಳ್ಳಬೇಕು. ಆದರೆ ಅದಕ್ಕೂ ಮೊದಲು ಡ್ರಾಯಿಂಗಿನ ಕೆಳಗಿನ ಚೌಕಟ್ಟನ್ನು ಓದಬೇಕು. ಅನೇಕ ಸಲ ಆ ಡ್ರಾಯಿಂಗು ಕೆಲಸ ಕೊಟ್ಟ ದೊಡ್ಡ ಕಂಪನಿಯ ಸ್ವತ್ತಾಗಿರುವದು. ಅಳತೆಗಳೊಡನೆ ಅದನ್ನು ಲೋಕಕ್ಕೆಲ್ಲ ತೋರಿಸಿದರೆ ಇದ್ದ ಗಿರಾಕಿಯೇ ಹೋದಾನು. ಅಂಥಲ್ಲಿ ತಯಾರಾದ ಭಾಗದ ಫೋಟೋ ಹಾಕುವದೂ ಮಾಲಕರು ಆ ಕಂಪನಿಯ ಒಪ್ಪಿಗೆ ಪಡೆದ ಮೇಲೆಯೇ ಲೇಸು.

ಕನ್ನಡ ಹೆಸರಿನ ಪಾಡು

ಹೆಸರನ್ನು ಕನ್ನಡದಲ್ಲಿಯೂ ಬರೆಸಬೇಕೆಂಬ ಅಭಿಮಾನ ನಮ್ಮವರಲ್ಲಿದೆ. ಆದರೆ ಹಳೆಯ ಕಡತ ತೆರೆದಾಗ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ಕಾಣುತ್ತವೆ. ಕಾರಣವಿಷ್ಟೆ: ಹಿಂದಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳ ಮೇಲೆಯೇ ಕನ್ನಡದ ತುಣುಕುಗಳನ್ನು ಕೂಡಿಸಿದ್ದವು. ನುಡಿ, ಶ್ರೀಲಿಪಿಗಳ ಹಂಚಿಕೆ ಬೇರೆಬೇರೆ ಬಗೆ. ಆ ಫಾಂಟು ಇಲ್ಲದ ಯಂತ್ರದಲ್ಲಿ ಬರಹ ಕನ್ನಡವಾಗಿ ಉಳಿಯುವದಿಲ್ಲ.

ಈ ಕಥೆಯಲ್ಲಿ ನಮ್ಮ ಪುಣೆಯ ಪಾಲು ದೊಡ್ಡದು. ಶ್ರೀಲಿಪಿಯನ್ನು ಮಾಡಿದ ಮಾಡ್ಯುಲರ್ ಇನ್ಫೋಟೆಕ್ ಪುಣೆಯದು. 1988ರಲ್ಲಿ ಪುಣೆಯಲ್ಲಿ ಆರಂಭವಾದ ಸಿ-ಡ್ಯಾಕ್ ಸಂಸ್ಥೆಯು, ಕಾನಪುರದ ಐ.ಐ.ಟಿ.ಯಲ್ಲಿ ಹುಟ್ಟಿದ ಜಿಸ್ಟ್ ತಂತ್ರವನ್ನು ಬೆಳೆಸಿ ಭಾರತೀಯ ಭಾಷೆಗಳನ್ನು ಕಂಪ್ಯೂಟರಿಗೆ ತರುವಲ್ಲಿ ಮುಂದಾಯಿತು. ಭಾರತೀಯ ಲಿಪಿಗಳಿಗೆಲ್ಲ ಒಂದೇ ಹಂಚಿಕೆಯಿರಬೇಕೆಂಬ ಇಸ್ಕಿ ಮಾನಕ 1991ರಲ್ಲಿ ಬಂದಿತು. ಅದೇ ವರ್ಷ ಜಗತ್ತಿನ ಲಿಪಿಗಳಿಗೆಲ್ಲ ಬೇರೆಬೇರೆ ಸಂಖ್ಯೆ ಕೊಡುವ ಯುನಿಕೋಡಿನ ಮೊದಲ ಆವೃತ್ತಿ ಪ್ರಕಟವಾಯಿತು, ಕನ್ನಡ ಅದರಲ್ಲಿತ್ತು. ಇಂದು ಫೋನಿನಲ್ಲಿ ನಾವು ಬರೆಯುವದೆಲ್ಲ ಯುನಿಕೋಡೇ. ಹಳೆಯದನ್ನು ಇದಕ್ಕೆ ಬದಲಿಸುವ ಉಚಿತ ತಂತ್ರಾಂಶಗಳಿವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಿಟ್ಟು ಓದಬೇಕು.

ಹೊಸದರಲ್ಲಿಯೂ ಒಂದು ಎಚ್ಚರ ಬೇಕು. ಫೋಟೋಶಾಪಿನಂಥ ತಂತ್ರಾಂಶದಲ್ಲಿ ದಕ್ಷಿಣ ಏಷ್ಯದ ಭಾಷೆಗಳ ಆಯ್ಕೆಯನ್ನು ಆರಿಸದೆ ಕನ್ನಡ ಬರೆದರೆ ಒತ್ತಕ್ಷರ ಕೆಳಗೆ ಇಳಿಯದೆ ಪಕ್ಕಕ್ಕೆ ನಿಲ್ಲುವದು. ಕನ್ನಡ ಬಾರದ ಕಲಾವಿದನಿಗೆ ಅದು ತಿಳಿಯುವಂತಿಲ್ಲ. ಫಲಕ ಏರುವ ಮೊದಲು ಕನ್ನಡ ಬಲ್ಲವರೊಬ್ಬರು ನೋಡಲೇಬೇಕು.

ಮೂಲವೇ ಇಲ್ಲದಿದ್ದರೆ?

ಒಬ್ಬ ಮಾಲಕರ ಲೋಗೋ ಹಲ್ಲಿನ ಚಕ್ರದೊಳಗೆ ‘ಮ’ ಎಂಬ ಕನ್ನಡ ಅಕ್ಷರ. ಅವರ ತೀರಿಹೋದ ತಂದೆ ಪೇಂಟರನೊಬ್ಬನಿಂದ ಬರೆಸಿದ್ದು. ಕಾರ್ಡು ಅಚ್ಚು ಮಾಡಿದ ಛಾಪಖಾನೆ ಮುಚ್ಚಿತ್ತು. ಉಳಿದದ್ದು ಫೋನಿನಲ್ಲಿದ್ದ 150 ಚುಕ್ಕೆಯ ಒಂದು ಚಿತ್ರ. ಚಕ್ರದ ಹಲ್ಲುಗಳನ್ನು ಎಣಿಸಲೂ ಬಾರದಂತಿತ್ತು. ಬೇರೊಂದು ಹೊಸ ಲೋಗೋ ಮಾಡಿಸಿರೆಂದು ಹೇಳಬಹುದಿತ್ತು. ಅವರ ತಾಯಿ ಒಪ್ಪಲಿಲ್ಲ. ಕೊನೆಗೆ ಮೊದಲನೆಯ ಲೇತಿನ ಮೇಲೆ ಎಣ್ಣೆ ಮೆತ್ತಿಕೊಂಡಿದ್ದ ಹಿತ್ತಾಳೆಯ ತಗಡೊಂದು ನೆನಪಾಯಿತು. ಒರೆಸಿ ನೋಡಿದರೆ ಚಕ್ರಕ್ಕೆ ಹದಿನೆಂಟು ಹಲ್ಲು. ನೇರವಾಗಿ ಫೋಟೋ ತೆಗೆದು, ಇಂಕ್‌ಸ್ಕೇಪಿನಲ್ಲಿ ಅದರ ಮೇಲೆ ಗೆರೆ ಎಳೆಯಬೇಕಾಯಿತು. ಚಕ್ರ ಒಂದು ಸಂಜೆಯ ಕೆಲಸ. ‘ಮ’ ಅಕ್ಷರದ ಬಳುಕಿಗೆ ಎರಡು ಸಂಜೆ ಹಿಡಿದವು. ಇಂಥ ಕೆಲಸಕ್ಕೆ ಹುಡುಗರು ಬೇರೆ ಹಣ ಕೇಳಿದರೆ ಅದು ನ್ಯಾಯವೇ. ಕೆಲಸ ಹಿಡಿಯುವ ಮೊದಲೇ ಚಿತ್ರಗಳನ್ನು ನೋಡಿ ಅದನ್ನು ಹೇಳಿಬಿಡುವದು ಇಬ್ಬರಿಗೂ ಹಿತ.

ಗಿರಾಕಿಗಳಿಗೂ ಒಂದು ಸೂಚನೆ. ಲೋಗೋ ಮಾಡಿಸಿದ ದಿನವೇ ಮೂಲ ಕಡತ, ಕರ್ವ್ಸ್ ಮಾಡಿದ ಪಿ.ಡಿ.ಎಫ್., ಎಸ್.ವಿ.ಜಿ., ದೊಡ್ಡದೊಂದು ಪಿ.ಎನ್.ಜಿ. ಇವು ನಾಲ್ಕನ್ನೂ ಕೇಳಿ ಪಡೆಯಿರಿ. ಎರಡು ಕಡೆ ಇಡಿರಿ. ಜಾಗೆಯ ಕಾಗದಪತ್ರಗಳಂತೆ ಅವೂ ನಿಮ್ಮ ಆಸ್ತಿ.

ಇದು ಕಾರಖಾನೆಗಳಿಗೆ ಮಾತ್ರ ಸಂಬಂಧಿಸಿದ ಮಾತಲ್ಲ. ಹೊರನಾಡಿನ ಕನ್ನಡ ಸಂಘಗಳು ಹಿಂದೆ ತಂದ ಸ್ಮರಣಸಂಚಿಕೆಗಳಲ್ಲಿ ಎಷ್ಟೋ ಪೇಜ್‌ಮೇಕರಿನಲ್ಲಿ ಸಿದ್ಧವಾದವು. ಆ ತಂತ್ರಾಂಶದ ಏಳನೆಯ ಆವೃತ್ತಿ 2001ರಲ್ಲಿ ಬಂದಿತು, ಅದೇ ಕೊನೆಯದು. ಅದರ ಸ್ಥಾನಕ್ಕೆ ಬಂದ ಇನ್‌ಡಿಸೈನ್ ಕೂಡ ಸಿ.ಎಸ್.6ರ ನಂತರ ಆ ಕಡತಗಳನ್ನು ತೆರೆಯುವದನ್ನು ಬಿಟ್ಟಿತು. ಲಿಬ್ರೆ ಆಫೀಸ್ 2015ರಿಂದ ಅವುಗಳನ್ನು ತಕ್ಕಮಟ್ಟಿಗೆ ತೆರೆಯಬಲ್ಲದು. ಫಾಂಟು ಕೂಡ ಕೈಯಲ್ಲಿರಬೇಕು. ನಮ್ಮ ಹಿರಿಯರು ಈ ಊರಿಗೆ ಬಂದ ಬಗೆ, ಅವರ ಮುಖಗಳು, ಅವರ ಬರಹಗಳು ಆ ಸಿ.ಡಿ.ಗಳಲ್ಲಿವೆ. ಸಿ.ಡಿ. ಓದುವ ಯಂತ್ರ ಇನ್ನೂ ಯಾರ ಮನೆಯಲ್ಲಾದರೂ ಇರುವಾಗಲೇ ಕಪಾಟಿನ ಮೇಲಿನ ಡಬ್ಬಿಯನ್ನು ಇಳಿಸಿ ನೋಡಿರಿ. ಕಡತದ ಜೊತೆ ಫಾಂಟನ್ನೂ, ಅಚ್ಚಾದ ಸಂಚಿಕೆಯ ಒಂದು ಪ್ರತಿಯನ್ನೂ ತೆಗೆದಿಟ್ಟು, ಈ ದೀಪಾವಳಿಯ ರಜೆಯಲ್ಲಿ ಮನೆಯ ಮಕ್ಕಳ ಕೈಗೆ ಒಪ್ಪಿಸಿರಿ.