ಕ್ಯಾಂಬೋರ್ನ್‌ಗೆ ಹೊರಟ ಭಾನುವಾರ

ಬೇರೆ ಊರಿಗೆ ಆಡಲು ಹೊರಟರೆ ಕಾರಿನಲ್ಲಿ ಹುಡುಗರ ಗಲಾಟೆಯೋ ಗಲಾಟೆ. ಕ್ಯಾಂಬೋರ್ನ್‌ಗೆ ಹೊರಟ ದಿನ ಮಾತ್ರ ಯಾರೂ ತುಟಿ ಬಿಚ್ಚುವುದಿಲ್ಲ.

ನನ್ನ ಮಗ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ರೆಡ್‌ರೂತ್ ರಗ್ಬಿ ಕ್ಲಬ್ಬಿನ 12 ವರ್ಷದೊಳಗಿನವರ ತಂಡದಲ್ಲಿದ್ದಾನೆ. ರೆಡ್‌ರೂತ್, ಕ್ಯಾಂಬೋರ್ನ್ ಎರಡೂ ಹಳೆಯ ಗಣಿ ಊರುಗಳು, ನಡುವೆ ಕೆಲವೇ ಮೈಲಿ. ರೆಡ್‌ರೂತ್ ಕ್ಲಬ್ 1875ರದ್ದು, ಕ್ಯಾಂಬೋರ್ನ್ 1878ರದ್ದು. ಕ್ರಿಸ್‌ಮಸ್ ಮರುದಿನ ಹಿರಿಯರ ತಂಡಗಳು ಸೆಣಸುವ ಪರಿಪಾಠ 1928ರಿಂದ ಇದೆ. ಆ ಜಿದ್ದು ಮಕ್ಕಳಿಗೂ ಇಳಿದಿದೆ.

ಈ ವಯಸ್ಸಿನಲ್ಲಿ ತಂಡಕ್ಕೆ 12 ಮಂದಿ. ಎದುರಾಳಿಯನ್ನು ಎದೆಮೂಳೆಯ ಕೆಳಗೇ ಹಿಡಿದು ಕೆಡವಬೇಕು. ತಲೆಗೆ ಪೆಟ್ಟು ಬೀಳದಿರಲೆಂದು 2023ರಲ್ಲಿ ತಂದ ನಿಯಮವಿದು. ಮಗ ಹಲ್ಲಿನ ಗಾರ್ಡ್ ಕಚ್ಚಿಕೊಂಡು, ಸೊಂಟ ಬಗ್ಗಿಸಿ, ತನಗಿಂತ ಎತ್ತರದ ಹುಡುಗನ ತೊಡೆಗಳನ್ನು ತಬ್ಬಿ ಬೀಳುತ್ತಾನೆ. ಇಬ್ಬರೂ ಕೆಸರಲ್ಲಿ ಜಾರುತ್ತಾರೆ. ಎದ್ದವನು ಬಿದ್ದವನಿಗೆ ಕೈ ಕೊಡುತ್ತಾನೆ. ತಂಡದಲ್ಲಿರುವ ಪ್ರತಿ ಮಗುವಿಗೂ ಅರ್ಧ ಹೊತ್ತಾದರೂ ಆಡಲು ಸಿಗಲೇಬೇಕು. ನನಗೆ ಎಲ್ಲಕ್ಕಿಂತ ಇಷ್ಟವಾದ ನಿಯಮ ಇದೇ. ಬೆಂಚಿನಲ್ಲೇ ಕೂತು ಮನೆಗೆ ಮರಳುವ ನಮ್ಮೂರ ಶಾಲೆಯ ಮಕ್ಕಳಿಗೂ ಇದು ಬರಬೇಕು.

ಆಟ ಮುಗಿದ ಮೇಲೆ ಊಟ ಆತಿಥೇಯರದ್ದು. ಮಾಂಸ, ಆಲೂಗಡ್ಡೆ ತುಂಬಿದ ಬಿಸಿ ಪಾಸ್ಟಿ ತಿನ್ನುತ್ತಾ ಅಲ್ಲಿನ ಹಿರಿಯರೊಬ್ಬರು ನನ್ನ ಊರು ಕೇಳಿದರು. ಬಂಗಾರಪೇಟೆ, ಕೋಲಾರದ ಚಿನ್ನದ ಗಣಿಯ ಪಕ್ಕ ಎಂದೆ. ಕಾರ್ನ್‌ವಾಲ್‌ನ ತವರದ ಗಣಿಗಳು ಸೊರಗಿದಾಗ ಇಲ್ಲಿನ ಎಷ್ಟೋ ಕೆಲಸಗಾರರು ಕೋಲಾರದ ಆ ಗಣಿಗೆ ಹೋಗಿದ್ದರು. "ನಮ್ಮ ಮುತ್ತಜ್ಜನೂ ಅಲ್ಲೇ ದುಡಿದದ್ದು!" ಎಂದು ಅವರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.